ಬಳಪದ ತುಂಡು, ಶೇಂಗಾ ಬುಟ್ಟಿ: ಮಕ್ಕಳ ಬೆಳವಣಿಗೆ ಕುರಿತ ಓದುಗರ ಪ್ರಶ್ನೆಗಳಿಗೆ ಉತ್ತರ

ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಿಂದ ಈ ತಿಂಗಳು ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿಕೊಂಡು ಇಲ್ಲಿ ಉತ್ತರಿಸಿದ್ದೇನೆ. ಮಕ್ಕಳ ವಿಷಯವಾದ್ದರಿಂದ ಬರೆದವರ ಹೆಸರುಗಳನ್ನು ಬಿಟ್ಟಿದ್ದೇವೆ. ಹಲವರು ನನ್ನನ್ನು ‘ಡಾಕ್ಟರೇ’ ಎಂದು ಕರೆದಿದ್ದಾರೆ. ನಾನು ವೈದ್ಯೆಯಲ್ಲ, ಆಕ್ಯುಪೇಷನಲ್ ಥೆರಪಿಸ್ಟ್. ಈ ವಿದ್ಯೆಯ ಮೊದಲ ತರಬೇತಿ ಶಾಲೆಯನ್ನು ಕಮಲಾ ನಿಂಬ್ಕರ್ ಅವರು 1950ರಲ್ಲಿಯೇ ಮುಂಬೈನ ಕೆ.ಇ.ಎಂ. ಆಸ್ಪತ್ರೆಯಲ್ಲಿ ಆರಂಭಿಸಿದ್ದರೂ ನಮ್ಮ ಕಡೆ ಇಂದಿಗೂ ‘ಒ.ಟಿ.ಗೆ ಕರೆದುಕೊಂಡು ಹೋಗಿ’ ಎಂದರೆ ಆಪರೇಷನ್ ಥಿಯೇಟರ್ ಎಂದು ಹೆದರುವವರಿದ್ದಾರೆ. ‘ಔದ್ಯೋಗಿಕ ಚಿಕಿತ್ಸೆ’ ಎಂದು ಕನ್ನಡದಲ್ಲಿ ಹೇಳಿದರೆ, ಮೂರು ವರ್ಷದ ಕೂಸಿಗೆ ಎಂಥ ಉದ್ಯೋಗ ಎಂದು ಕೇಳಿದವರೂ ಇದ್ದಾರೆ. ಉಣ್ಣುವುದು, ಉಡುವುದು, ಆಡುವುದು, ಬರೆಯುವುದು, ಮನೆಯವರ ಜೊತೆ ಒಂದಾಗಿ ಇರುವುದು, ಇವೇ ಮಗುವಿನ ಉದ್ಯೋಗ. ಅವು ಸರಾಗವಾಗಿ ನಡೆಯದಿದ್ದಾಗ ಎಲ್ಲಿ ತೊಡಕಾಗಿದೆ ಎಂದು ಹುಡುಕಿ ದಾರಿ ಮಾಡಿಕೊಡುವುದು ನಮ್ಮ ಕೆಲಸ.

ಪ್ರಶ್ನೆ: ನಮ್ಮ ಮಗನಿಗೆ 4 ವರ್ಷ 3 ತಿಂಗಳು, ಎಲ್‌ಕೆಜಿಯಲ್ಲಿದ್ದಾನೆ. ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿಯುತ್ತಾನೆ. ಎರಡು ಸಾಲು ಬರೆಯುವಷ್ಟರಲ್ಲಿ ಕೈ ನೋವೆಂದು ಅಳುತ್ತಾನೆ. ಶಾಲೆಯಲ್ಲಿ ದಿನಕ್ಕೆ ಎರಡು ಪುಟ ಕಾಪಿ ರೈಟಿಂಗ್ ಕೊಡುತ್ತಾರೆ, ಮನೆಯಲ್ಲಿ ಅಭ್ಯಾಸ ಮಾಡಿಸಿ ಎಂದು ಡೈರಿಯಲ್ಲಿ ಬರೆದು ಕಳುಹಿಸುತ್ತಾರೆ. ಇವನಿಗೆ ಥೆರಪಿ ಬೇಕೇ? (ಒಬ್ಬ ತಾಯಿ, ದಾವಣಗೆರೆ)

ಉತ್ತರ: ಥೆರಪಿಯ ಮಾತು ಆಮೇಲೆ, ಮೊದಲು ಆ ಎರಡು ಪುಟ ಕಡಿಮೆಯಾಗಬೇಕು. ನಮ್ಮ ಮಣಿಕಟ್ಟಿನಲ್ಲಿ 8 ಪುಟ್ಟ ಮೂಳೆಗಳಿವೆ. ಹುಟ್ಟುವಾಗ ಅವು ಬರೀ ಮೃದ್ವಸ್ಥಿ. ಒಂದೊಂದಾಗಿ ಗಟ್ಟಿಯಾಗುತ್ತಾ ಬಂದು, ಕೊನೆಯ ಮೂಳೆ ಎಕ್ಸ್‌ರೇಯಲ್ಲಿ ಕಾಣುವ ಹೊತ್ತಿಗೆ ಮಗು ಪ್ರಾಥಮಿಕ ಶಾಲೆಯ ಮೇಲಿನ ತರಗತಿಗಳಿಗೆ ಬಂದಿರುತ್ತದೆ. ಬೆರಳುಗಳ ಹಿಡಿತಕ್ಕೂ ಇಂಥದ್ದೇ ಒಂದು ಕ್ರಮವಿದೆ. ಒಂದೂವರೆ ವರ್ಷದ ಆಸುಪಾಸಿನಲ್ಲಿ ಮಗು ಬಳಪವನ್ನು ಮುಷ್ಟಿಯಲ್ಲಿ ಹಿಡಿಯುತ್ತದೆ. ಎರಡು ಮೂರು ವರ್ಷಕ್ಕೆ ಬೆರಳುಗಳೆಲ್ಲ ಕೆಳಮುಖವಾಗಿ ಬಳಪದ ಮೇಲೆ ಬರುತ್ತವೆ. ಮೂರೂವರೆಯಿಂದ ನಾಲ್ಕರ ಹೊತ್ತಿಗೆ ಹೆಬ್ಬೆರಳು, ತೋರುಬೆರಳು, ನಡುಬೆರಳು ಸೇರಿ ಹಿಡಿಯತೊಡಗಿದರೂ ಆಡುವುದು ಇಡೀ ಕೈ. ಬೆರಳುಗಳಷ್ಟೇ ಆಡಿ ಬರೆಯುವ ಪಳಗಿದ ಹಿಡಿತ ಬರುವುದು ನಾಲ್ಕೂವರೆಯಿಂದ ಆರು ವರ್ಷದೊಳಗೆ. ನಿಮ್ಮ ಮಗ ಈ ದಾರಿಯಲ್ಲಿ ಸ್ವಲ್ಪ ಹಿಂದಿದ್ದಾನೆ, ಆದರೆ ದಾರಿ ತಪ್ಪಿಲ್ಲ.

ಗೆರೆಗಳಿಗೂ ಸರದಿ ಇದೆ. ಉದ್ದ ಗೆರೆಯನ್ನು ನೋಡಿ ಎಳೆಯುವುದು ಸುಮಾರು 2 ವರ್ಷಕ್ಕೆ, ಅಡ್ಡ ಗೆರೆ ಎರಡೂವರೆಗೆ, ಸೊನ್ನೆ 3ಕ್ಕೆ, ಎರಡು ಗೆರೆ ಕೂಡುವ ಪ್ಲಸ್ ಗುರುತು 4ಕ್ಕೆ, ಚೌಕ ನಾಲ್ಕೂವರೆಯ ಹೊತ್ತಿಗೆ, ತ್ರಿಕೋನ 5ಕ್ಕೆ. ಮಗನಿಗೆ ಸೊನ್ನೆಯನ್ನು ತುದಿ ಕೂಡಿಸಿ ಸುತ್ತಲು ಬರುತ್ತದೆಯೇ ಎಂದು ಮೊದಲು ನೋಡಿ. ಸೊನ್ನೆ ಸುತ್ತಲು ಬಾರದ ಕೈಯಿಂದ ‘ಅ’ ಬರೆಸುವುದು, ಅಂಬೆಗಾಲಿಡುವ ಕೂಸಿಗೆ ಓಡು ಎಂದಂತೆ.

ಮನೆಯಲ್ಲಿ ಮಾಡಬಹುದಾದ ಮೊದಲ ಬದಲಾವಣೆಗೆ ಖರ್ಚೇ ಇಲ್ಲ. ಬಳಪವನ್ನು ಹೆಬ್ಬೆರಳಿನ ಉಗುರಿನಷ್ಟು ಉದ್ದಕ್ಕೆ ಮುರಿದು ಕೊಡಿ. ಅಷ್ಟು ಚಿಕ್ಕ ತುಂಡನ್ನು ಮುಷ್ಟಿಯಲ್ಲಿ ಹಿಡಿದು ಬರೆಯಲು ಆಗುವುದಿಲ್ಲವಾದ್ದರಿಂದ ಮೂರು ಬೆರಳುಗಳು ತಾವಾಗಿಯೇ ಮುಂದೆ ಬರುತ್ತವೆ. ‘ಸರಿಯಾಗಿ ಹಿಡಿ’ ಎಂದು ಗದರುವ ಪ್ರಸಂಗವೇ ಬರುವುದಿಲ್ಲ. ಎರಡನೆಯದಾಗಿ, ಸ್ಲೇಟನ್ನು ತೊಡೆಯ ಮೇಲಿಡುವ ಬದಲು ಮಗು ನಿಂತಾಗ ಅವನ ಕಣ್ಣಿನ ಮಟ್ಟಕ್ಕೆ ಬರುವಂತೆ ಗೋಡೆಗೆ ತೂಗುಹಾಕಿ. ನಿಂತು ಬರೆಯುವಾಗ ಭುಜ ಗಟ್ಟಿಯಾಗಿ ನಿಲ್ಲಬೇಕಾಗುತ್ತದೆ, ಮಣಿಕಟ್ಟು ಹಿಂದಕ್ಕೆ ಬಾಗುತ್ತದೆ. ಬರವಣಿಗೆಯ ಬಲ ಬೆರಳಿನದು ಎಂದು ನಾವು ತಿಳಿದಿರುತ್ತೇವೆ. ಭುಜ ಸಡಿಲವಾಗಿರುವ ಮಗು ಬೆರಳನ್ನು ಎಷ್ಟು ಬಿಗಿದರೂ ಬೇಗ ದಣಿಯುತ್ತದೆ, ಕೈ ನೋವೆಂದು ಅಳುತ್ತದೆ.

ಮೂರನೆಯದನ್ನು ನನಗೆ ಕಲಿಸಿದ್ದು ಚಳ್ಳಕೆರೆ ಕಡೆಯ ಒಬ್ಬ ಅಜ್ಜಿ. ಬೆರಳಿಗೆ ಬಲ ಬರಲೆಂದು ನಾನು ಹಣ ಕೊಟ್ಟು ತರಿಸಿದ ಥೆರಪಿ ಪುಟ್ಟಿಯನ್ನು (ನಾದಿದ ಹಿಟ್ಟಿನಂಥ ಮೆತ್ತನೆಯ ಉಂಡೆ) ಅವರ ಮೊಮ್ಮಗಳ ಕೈಗೆ ಕೊಟ್ಟು ಒತ್ತಿಸುತ್ತಿದ್ದೆ; ಹುಡುಗಿ ಎರಡು ಸಲ ಒತ್ತಿ ಆಕಳಿಸುತ್ತಿದ್ದಳು. ಮುಂದಿನ ವಾರ ಅಜ್ಜಿ ಸೆರಗಿನ ಗಂಟಿನಲ್ಲಿ ಹಸಿ ಶೇಂಗಾ ತಂದು ಚಾಪೆಯ ಮೇಲೆ ಸುರಿದರು. ಹುಡುಗಿ ಕಾಯಿಯ ಮೂತಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಸಿಕ್ಕಿಸಿ, ತುಟಿ ಕಚ್ಚಿ, ಟಕ್ಕೆಂದು ಒಡೆದು, ಬೀಜವನ್ನು ಒಂದು ಬಟ್ಟಲಿಗೂ ಸಿಪ್ಪೆಯನ್ನು ಇನ್ನೊಂದಕ್ಕೂ ಹಾಕುತ್ತಾ ಮುಕ್ಕಾಲು ಗಂಟೆ ಕುಳಿತಳು. ಪುಟ್ಟಿ ಒತ್ತಿದರೆ ಏನೂ ಹೊರಬರುವುದಿಲ್ಲ, ಶೇಂಗಾ ಒತ್ತಿದರೆ ಕಾಳು ಬರುತ್ತದೆ. ಮಗುವಿಗೆ ಈ ವ್ಯತ್ಯಾಸ ದೊಡ್ಡದು. ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಬೇಡಿ: ಚಿಕ್ಕ ಮಕ್ಕಳಲ್ಲಿ ಇಡೀ ಶೇಂಗಾ ಬೀಜ ಶ್ವಾಸನಾಳಕ್ಕೆ ಹೋಗುವ ಅಪಾಯವಿರುವುದರಿಂದ ದೊಡ್ಡವರು ಪಕ್ಕದಲ್ಲೇ ಕುಳಿತಿರಬೇಕು, ತಿನ್ನಲು ಕೊಡುವುದಾದರೆ ಪುಡಿ ಮಾಡಿ ಕೊಡಬೇಕು. ಹುಣಸೆ ಬೀಜ, ಅಲಸಂದೆ ಕಾಳುಗಳು ಮೂಗು ಕಿವಿ ಸೇರುವುದೂ ಅಪರೂಪವಲ್ಲ.

ರೊಟ್ಟಿ ತಟ್ಟುವಾಗ ಒಂದು ಚಿಕ್ಕ ಉಂಡೆ ಹಿಟ್ಟನ್ನು ಅವನ ಮುಂದೆಯೂ ಇಡಿ. ಒದ್ದೆ ಕರ್ಚೀಫನ್ನು ಅವನೇ ಹಿಂಡಿ ತಂತಿಗೆ ಕ್ಲಿಪ್ ಹಾಕಲಿ. ಅವರೆಕಾಯಿ ಕಾಲದಲ್ಲಿ ಕಾಯಿ ಸುಲಿಯಲಿ, ಮಣ್ಣೆತ್ತಿನ ಅಮಾವಾಸ್ಯೆಗೆ ಅಂಗಡಿಯಿಂದ ಜೋಡಿ ಎತ್ತು ತರುವ ಬದಲು ಕೆರೆಯ ಜೇಡಿಮಣ್ಣು ತಂದು ಅವನ ಕೈಗೆ ಕೊಡಿ. ಎತ್ತಿಗೆ ಕೋಡು ಎಳೆಯುವುದಕ್ಕಿಂತ ಒಳ್ಳೆಯ ಬೆರಳಿನ ಅಭ್ಯಾಸ ನನ್ನ ಪೆಟ್ಟಿಗೆಯಲ್ಲಿಲ್ಲ.

ಶಾಲೆಯವರನ್ನು ಮಾತ್ರ ದೂರಲಾರೆ. ಪಕ್ಕದ ಮನೆಯ ಹುಡುಗನ ನೋಟ್‌ಬುಕ್ ತುಂಬಿದೆ, ನಮ್ಮವನದು ಏಕೆ ಖಾಲಿ ಎಂದು ಕೇಳುವ ಪೋಷಕರೂ ಇದ್ದಾರೆ. ಹೋಗಿ ಶಾಂತವಾಗಿ ಮಾತನಾಡಿ, ಎರಡು ಪುಟದ ಬದಲು ದಿನಕ್ಕೆ ಐದು ನಿಮಿಷ ಎಂದು ಒಪ್ಪಿಸಿ. ಇಷ್ಟೆಲ್ಲ ಮಾಡಿಯೂ ಐದು ವರ್ಷ ತುಂಬುವಾಗ ಮುಷ್ಟಿ ಬಿಡದಿದ್ದರೆ, ಅಥವಾ ಬರವಣಿಗೆಯ ಜೊತೆಗೆ ಎರಡೂ ಕಾಲು ಜೋಡಿಸಿ ಜಿಗಿಯಲು ಬಾರದಿರುವುದು, ಪದೇ ಪದೇ ಎಡವಿ ಬೀಳುವುದು, ಊಟ ಮಾಡುವಾಗಲೂ ಕೈ ಸೋಲುವುದು ಕಂಡರೆ, ಆಗ ಮಕ್ಕಳ ವೈದ್ಯರನ್ನೂ ಥೆರಪಿಸ್ಟರನ್ನೂ ನೋಡಿ. ಕಣ್ಣು ಪರೀಕ್ಷೆಯನ್ನು ಹೇಗೂ ಒಮ್ಮೆ ಮಾಡಿಸಿಬಿಡಿ.

ಪ್ರಶ್ನೆ: ಮೊಮ್ಮಗನಿಗೆ ಐದು ವರ್ಷ. ನಾನೇ ಮೀಯಿಸಿ, ಬಟ್ಟೆ ತೊಡಿಸಿ, ತುತ್ತು ಮಾಡಿ ಉಣ್ಣಿಸುತ್ತೇನೆ. ಅವನೇ ಮಾಡಿಕೊಳ್ಳಲಿ ಬಿಡಿ ಎಂದು ಸೊಸೆ ದಿನವೂ ಮುನಿಸು. ಮುದ್ದು ಮಾಡುವುದೂ ತಪ್ಪೇ ತಾಯಿ? (ಒಬ್ಬ ಅಜ್ಜಿ, ಹೊಸದುರ್ಗ)

ಉತ್ತರ: ತಪ್ಪಲ್ಲ ಅಮ್ಮಾ. ನೀವು ಉಣ್ಣಿಸಿದ ತುತ್ತುಗಳಿಂದಲೇ ಅವನು ಐದು ವರ್ಷದವನಾಗಿದ್ದಾನೆ. ಆದರೆ ನಿಮ್ಮ ಸೊಸೆ ಕೇಳುತ್ತಿರುವುದೂ ನ್ಯಾಯವೇ. ನೀವಿಬ್ಬರೂ ಒಪ್ಪಬಹುದಾದ ಒಂದು ದಾರಿ ಇದೆ.

ಒಂದು ಕೆಲಸವನ್ನು ಮಗುವಿಗೆ ಕಲಿಸುವಾಗ ನಾವು ಸಾಮಾನ್ಯವಾಗಿ ಮೊದಲ ಹೆಜ್ಜೆಯಿಂದ ಶುರು ಮಾಡುತ್ತೇವೆ. ಮಗು ಅರ್ಧಕ್ಕೆ ಸೋತು ಕೈಬಿಡುತ್ತದೆ, ಉಳಿದದ್ದನ್ನು ನಾವು ಮುಗಿಸುತ್ತೇವೆ, ಕೆಲಸ ಮುಗಿದ ಸಂತೋಷವೂ ನಮ್ಮ ಪಾಲಿಗೇ ಬರುತ್ತದೆ. ಇದನ್ನು ಹಿಂದುಮುಂದು ಮಾಡಿ. ಚಡ್ಡಿಯನ್ನು ಎರಡೂ ಕಾಲಿಗೆ ತೊಡಿಸಿ ತೊಡೆಯವರೆಗೆ ನೀವೇ ಎಳೆಯಿರಿ. ಸೊಂಟಕ್ಕೆ ಏರಿಸುವ ಕಡೆಯ ಎಳೆತ ಮಾತ್ರ ಅವನದು. ಅದು ಕೈಗೆ ಹತ್ತಿದ ಮೇಲೆ ಮೊಣಕಾಲಿನವರೆಗೆ ತಂದು ಬಿಡಿ, ಆಮೇಲೆ ಪಾದದವರೆಗೆ. ಕೊನೆಗೊಂದು ದಿನ ಚಡ್ಡಿಯನ್ನು ನೆಲದ ಮೇಲೆ ಮುಂಭಾಗ ಮೇಲಾಗಿ ಹಾಸಿ ಕೊಟ್ಟರೆ ಸಾಕಾಗುತ್ತದೆ. ಪ್ರತಿ ಸಲವೂ ಮುಗಿಸಿದವನು ಅವನೇ ಆಗಿರುತ್ತಾನೆ. ಗುಂಡಿಯ ವಿಷಯದಲ್ಲೂ ಹೀಗೆಯೇ: ಗುಂಡಿಯನ್ನು ಕಾಜಾದೊಳಗೆ ಅರ್ಧ ತೂರಿಸಿಡಿ, ಆಚೆಯಿಂದ ಎಳೆದುಕೊಳ್ಳುವುದು ಅವನ ಪಾಲು.

ಊಟಕ್ಕೆ ನಮ್ಮ ಮುದ್ದೆಯಂಥ ಗುರು ಬೇರೆ ಬೇಕಿಲ್ಲ. ಅನ್ನ ಬೆರಳ ಸಂದಿಯಲ್ಲಿ ಉದುರುತ್ತದೆ, ಚಮಚ ಬಾಯಿಯ ಹತ್ತಿರ ಬಂದಾಗ ತಿರುಗಿಬಿಡುತ್ತದೆ; ಮುದ್ದೆ ಹಾಗಲ್ಲ. ತುಂಡು ಮುರಿಯಲು ಹೆಬ್ಬೆರಳಿಗೆ ಬಲ ಬೇಕು, ಉರುಟು ಮಾಡಲು ಮೂರು ಬೆರಳು ಒಟ್ಟಿಗೆ ಆಡಬೇಕು, ಸಾರಿನಲ್ಲಿ ಅದ್ದಲು ಮಣಿಕಟ್ಟು ತಿರುಗಬೇಕು. ಬೆಚ್ಚಗಾದ ಮೇಲೆ ಅವನ ತಟ್ಟೆಗೆ ನಿಂಬೆಹಣ್ಣಿನಷ್ಟು ಮುದ್ದೆ ಹಾಕಿ, ಮೊದಲ ಐದು ತುತ್ತು ಅವನದು, ಉಳಿದದ್ದು ನಿಮ್ಮದು ಎಂದು ಒಪ್ಪಂದ ಮಾಡಿಕೊಳ್ಳಿ. ಬಟ್ಟೆ ಕೊಳೆಯಾಗುತ್ತದೆ, ಹಳೆಯ ಟವೆಲ್ ಕಟ್ಟಿ.

ಬೆಳಗ್ಗೆ ಶಾಲೆಯ ವ್ಯಾನ್ ಬರುವ ಗಡಿಬಿಡಿಯಲ್ಲಿ ಇದೆಲ್ಲ ಬೇಡ; ಆ ಹೊತ್ತಿನಲ್ಲಿ ನೀವೇ ತೊಡಿಸಿ, ಸೊಸೆಯೂ ಸುಮ್ಮನಿರಲಿ. ಸಂಜೆ ಮತ್ತು ಭಾನುವಾರ ಅವನ ಪಾಳಿ.

ಪ್ರಶ್ನೆ: ಮೂರೂವರೆ ವರ್ಷದ ಮಗಳು ಮಿಕ್ಸಿ ಹಾಕಿದರೆ ಕಿವಿ ಮುಚ್ಚಿಕೊಂಡು ಚೀರುತ್ತಾಳೆ. ಜಾತ್ರೆಯಲ್ಲಿ ತಮಟೆ ಸದ್ದಿಗೆ ವಾಂತಿ ಮಾಡಿಕೊಂಡಳು. ಅಂಗಿಯ ಲೇಬಲ್ ಕಿತ್ತು ಹಾಕುವವರೆಗೆ ಸಮಾಧಾನವಿಲ್ಲ, ಕೂದಲು ಕತ್ತರಿಸಲು ನಾಲ್ವರು ಹಿಡಿಯಬೇಕು. ಹಿರಿಯರು ದೃಷ್ಟಿ ಎನ್ನುತ್ತಾರೆ, ನೆರೆಯವರು ಹಟ ಎನ್ನುತ್ತಾರೆ. (ಒಬ್ಬ ತಾಯಿ, ಜಗಳೂರು)

ಉತ್ತರ: ದೃಷ್ಟಿ ತೆಗೆಯುವುದರಿಂದ ಮನೆಯವರಿಗೆ ಸಮಾಧಾನವಾಗುವುದಾದರೆ ತೆಗೆಯಲಿ, ನನ್ನ ತಕರಾರಿಲ್ಲ, ಹಟ ಎಂದು ಹೊಡೆಯುವುದಕ್ಕೆ ಮಾತ್ರ ತಕರಾರಿದೆ. ನಿಮ್ಮ ಮಗಳಿಗೆ ಆ ಸದ್ದು ನಮಗೆ ಕೇಳಿಸುವಷ್ಟೇ ಆಗಿ ಕೇಳಿಸುತ್ತಿಲ್ಲ. ಹೊರಗಿನಿಂದ ಬರುವ ಸದ್ದು, ಸ್ಪರ್ಶ, ಬೆಳಕುಗಳಲ್ಲಿ ಯಾವುದನ್ನು ಒಳಗೆ ಬಿಡಬೇಕು, ಯಾವುದನ್ನು ತಗ್ಗಿಸಬೇಕು ಎಂದು ಮಿದುಳು ಸದಾ ಆಯ್ಕೆ ಮಾಡುತ್ತಿರುತ್ತದೆ. ಕೆಲವು ಮಕ್ಕಳಲ್ಲಿ ಈ ತಗ್ಗಿಸುವ ಕೆಲಸ ಸರಿಯಾಗಿ ಆಗುವುದಿಲ್ಲ. ಇದನ್ನು ಸಿದ್ಧಾಂತವಾಗಿ ರೂಪಿಸಿದವರು ಅಮೆರಿಕದ ಆಕ್ಯುಪೇಷನಲ್ ಥೆರಪಿಸ್ಟ್ ಜೀನ್ ಏರ್ಸ್. ಅವರ ಮುಖ್ಯ ಗ್ರಂಥ ಬಂದದ್ದು 1972ರಲ್ಲಿ. ಪಂಚೇಂದ್ರಿಯಗಳ ಜೊತೆಗೆ ಅವರು ಒತ್ತಿ ಹೇಳಿದ ಇನ್ನೆರಡಿವೆ: ಒಳಗಿವಿಯಲ್ಲಿರುವ ಸಮತೋಲನದ ಅರಿವು, ಹಾಗೂ ಕೀಲು ಸ್ನಾಯುಗಳಿಂದ ಬರುವ, ‘ನನ್ನ ಕೈಕಾಲು ಎಲ್ಲಿವೆ, ಎಷ್ಟು ಬಲ ಹಾಕುತ್ತಿವೆ’ ಎಂಬ ಅರಿವು. ಈ ಎರಡನೆಯದು ಅನೇಕ ಮಕ್ಕಳನ್ನು ಶಾಂತಗೊಳಿಸುವುದನ್ನು ನಾವು ದಿನವೂ ಕಾಣುತ್ತೇವೆ.

ಆದ್ದರಿಂದ ಮಗಳಿಗೆ ಭಾರದ ಕೆಲಸ ಕೊಡಿ. ಅರ್ಧ ತುಂಬಿದ ಬಿಂದಿಗೆ ಅಲ್ಲದಿದ್ದರೂ ಒಂದು ತಂಬಿಗೆ ನೀರನ್ನು ತುಳಸಿಕಟ್ಟೆಗೆ ಹೊತ್ತು ಹಾಕಲಿ, ಬಟ್ಟೆಯ ಬುಟ್ಟಿಯನ್ನು ನೆಲದ ಮೇಲೆ ದೂಡಿಕೊಂಡು ಹೋಗಲಿ, ಹಾಸಿಗೆ ಸುತ್ತುವಾಗ ಒಂದು ತುದಿ ಹಿಡಿಯಲಿ. ಕೂದಲು ಕತ್ತರಿಸುವ ಮುನ್ನ ತಲೆಯನ್ನೂ ಹೆಗಲನ್ನೂ ನಿಮ್ಮ ಅಂಗೈಯಿಂದ ಗಟ್ಟಿಯಾಗಿ, ನಿಧಾನವಾಗಿ ಒತ್ತಿ; ಇಂಥ ಮಕ್ಕಳಿಗೆ ನವಿರಾದ ಸ್ಪರ್ಶವೇ ಕಚಗುಳಿಯಂತೆ, ಕೆಲವೊಮ್ಮೆ ಚುಚ್ಚಿದಂತೆ ಆಗುತ್ತದೆ. ಅಂಗಡಿಗೆ ಒಯ್ಯುವ ಬದಲು ಮನೆಯಲ್ಲೇ, ತಂದೆಯ ತೊಡೆಯ ಮೇಲೆ, ದಿನಕ್ಕೆ ಒಂದು ಭಾಗವಷ್ಟೇ ಕತ್ತರಿಸಿದರೂ ನಡೆಯುತ್ತದೆ. ಲೇಬಲ್ ಕತ್ತರಿಸಿಬಿಡಿ, ಅದರಲ್ಲಿ ವಾದ ಮಾಡುವಂಥದ್ದೇನೂ ಇಲ್ಲ.

ಮಿಕ್ಸಿಯ ಸ್ವಿಚ್ಚನ್ನು ಅವಳ ಕೈಗೇ ಕೊಡಿ. ನೀವು ಪಕ್ಕದಲ್ಲಿ ನಿಂತು, ‘ಒಂದು, ಎರಡು, ಮೂರು’ ಎಣಿಸಿ, ಅವಳು ಒತ್ತಲಿ, ಎರಡೇ ಸೆಕೆಂಡಿಗೆ ಅವಳೇ ನಿಲ್ಲಿಸಲಿ. ಯಾವಾಗ ಬರುತ್ತದೋ ತಿಳಿಯದ ಸದ್ದಿಗೂ ತಾನೇ ಬರಿಸಿದ ಸದ್ದಿಗೂ ಬಹಳ ಅಂತರವಿದೆ. ಜಾತ್ರೆಗೆ ಹೋಗುವುದಾದರೆ ಜನ ಸೇರುವ ಮೊದಲು, ಬೆಳಗಿನ ಹೊತ್ತು ಹೋಗಿ. ತೇರು ಎಳೆಯುವಾಗ ದೂರದ ಯಾವುದಾದರೂ ಮನೆಯ ಮಾಳಿಗೆಯ ಮೇಲಿನಿಂದ ತೋರಿಸಿ. ಕಿವಿ ಮುಚ್ಚುವ ಇಯರ್ ಮಫ್ ಇದ್ದರೆ ಅಂಥ ದಿನಗಳಿಗೆ ಮಾತ್ರ ಬಳಸಿ, ಮನೆಯಲ್ಲಿ ಇಡೀ ದಿನ ಹಾಕಿಸಬೇಡಿ.

ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಸಂವೇದನೆಯ ಚಿಕಿತ್ಸೆಗಳಿಗಿರುವ ಪುರಾವೆ ಇನ್ನೂ ಸೀಮಿತ ಎಂದೂ, ಸಂವೇದನೆಯ ತೊಂದರೆಯನ್ನೇ ಒಂದು ಪ್ರತ್ಯೇಕ ಕಾಯಿಲೆಯೆಂದು ಹೆಸರಿಸಿ ಅಲ್ಲಿಗೇ ನಿಲ್ಲಿಸಬಾರದೆಂದೂ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲಿ ಹೇಳಿದೆ. ಆದ್ದರಿಂದ ಯಾರಾದರೂ ಬ್ರಷ್‌ನಿಂದ ಉಜ್ಜಿ, ಭಾರದ ಜಾಕೆಟ್ ಹಾಕಿ ಇಷ್ಟು ತಿಂಗಳಲ್ಲಿ ಗುಣಪಡಿಸುತ್ತೇವೆ ಎಂದು ಮುಂಗಡ ಹಣ ಕೇಳಿದರೆ ಎದ್ದು ಬನ್ನಿ. ಭಾರದ ಕಂಬಳಿ ಹೊದಿಸಿ ಚಿಕ್ಕ ಮಕ್ಕಳನ್ನು ಮಲಗಿಸುವುದು ಅಪಾಯವೂ ಹೌದು. ಮಗಳು ಹೆಸರು ಕರೆದರೆ ತಿರುಗಿ ನೋಡುತ್ತಾಳೆಯೇ, ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಾಳೆಯೇ, ಚಿಕ್ಕ ವಾಕ್ಯಗಳಲ್ಲಿ ಮಾತನಾಡುತ್ತಾಳೆಯೇ, ಬೇರೆ ಮಕ್ಕಳ ಆಟಕ್ಕೆ ಸೇರುತ್ತಾಳೆಯೇ ಎಂಬುದನ್ನು ನೀವು ಬರೆದಿಲ್ಲ. ಇವುಗಳಲ್ಲಿ ಕೊರತೆ ಕಂಡರೆ ಮಿಕ್ಸಿಯ ಚಿಂತೆಯನ್ನು ಪಕ್ಕಕ್ಕಿಟ್ಟು ಮೊದಲು ಪೂರ್ಣ ಬೆಳವಣಿಗೆಯ ಪರೀಕ್ಷೆ ಮಾಡಿಸಿ, ಅದರ ಜೊತೆಗೆ ಶ್ರವಣ ಪರೀಕ್ಷೆಯನ್ನೂ.

ಪ್ರಶ್ನೆ: ನಾನು ಅಂಗನವಾಡಿ ಕಾರ್ಯಕರ್ತೆ. ನಮ್ಮ ಊರಿನ ಒಂದು ಮಗುವಿಗೆ 11 ತಿಂಗಳು. ಏನು ಕೊಟ್ಟರೂ ಎಡಗೈಯಲ್ಲೇ ತೆಗೆದುಕೊಳ್ಳುತ್ತದೆ, ಬಲಗೈ ಮುಷ್ಟಿ ಬಿಗಿದೇ ಇರುತ್ತದೆ. ಎಡಚ ಇರಬೇಕು, ದೊಡ್ಡದಾದ ಮೇಲೆ ನೋಡೋಣ ಎನ್ನುತ್ತಾರೆ ಮನೆಯವರು. (ಹೊನ್ನಾಳಿ ತಾಲ್ಲೂಕು)

ಉತ್ತರ: ಕಾಯಬೇಡಿ. ಈ ವಾರವೇ ಕಳುಹಿಸಿ.

ಮಗು ಎಡಚವೋ ಬಲಚವೋ ಎಂಬುದು ಒಂದು ವರ್ಷದೊಳಗೆ ನಿರ್ಧಾರವಾಗುವ ಸಂಗತಿಯಲ್ಲ. ಆ ವಯಸ್ಸಿನಲ್ಲಿ ಮಗು ಎರಡೂ ಕೈಗಳನ್ನು ಹೆಚ್ಚು ಕಡಿಮೆ ಸಮನಾಗಿ ಬಳಸಬೇಕು. ಒಂದೇ ಕೈ ಮುಂದೆ ಬರುತ್ತಿದ್ದರೆ, ಇನ್ನೊಂದು ಕೈ ಹೆಬ್ಬೆರಳನ್ನು ಒಳಗಿಟ್ಟುಕೊಂಡು ಬಿಗಿದಿದ್ದರೆ, ಆ ಬದಿಯ ಸ್ನಾಯುಗಳ ಹಿಡಿತದಲ್ಲಿ ತೊಂದರೆ ಇರಬಹುದು. ಒಂದು ಬದಿಯ ಸೆರೆಬ್ರಲ್ ಪಾಲ್ಸಿ, ಅಂದರೆ ಎಳೆಯ ಮಿದುಳಿಗಾದ ಪೆಟ್ಟಿನಿಂದ ಕೈಕಾಲಿನ ಚಲನೆಗೆ ಬರುವ ತೊಂದರೆ, ಎಷ್ಟೋ ಸಲ ಮೊದಲು ಕಾಣಿಸಿಕೊಳ್ಳುವುದೇ ಹೀಗೆ. ಖಚಿತವಾಗಿ ಹೇಳುವವರು ವೈದ್ಯರು. ಆದರೆ ಮಿದುಳು ಹೊಸ ದಾರಿಗಳನ್ನು ಹುಡುಕಿಕೊಳ್ಳುವ ಶಕ್ತಿ ಈ ವಯಸ್ಸಿನಲ್ಲಿ ಹೆಚ್ಚಿರುವುದರಿಂದ ‘ದೊಡ್ಡದಾದ ಮೇಲೆ’ ಎಂಬ ಮಾತು ಇಲ್ಲಿ ದುಬಾರಿ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲ ಬರಬೇಕೆಂಬುದು ನಿಮಗೆ ಗೊತ್ತೇ ಇದೆ. ಬೆಳವಣಿಗೆಯ ವಿಳಂಬವೂ ಅವರ ತಪಾಸಣೆಯ ಪಟ್ಟಿಯಲ್ಲಿದೆ. ಮುಂದಿನ ಭೇಟಿಯವರೆಗೆ ಕಾಯದೆ ಆ ತಂಡದ ವೈದ್ಯರಿಗೆ ಫೋನ್ ಮಾಡಿ ಚೀಟಿ ಪಡೆದು ಜಿಲ್ಲಾ ಆಸ್ಪತ್ರೆಗೆ ಕಳುಹಿಸಿ. ನಿಮ್ಮ ಜಿಲ್ಲೆಗೆ ಅದು ದಾವಣಗೆರೆಯ ಚಿಗಟೇರಿ ಆಸ್ಪತ್ರೆ. ಅಲ್ಲಿಯವರೆಗೆ ತಾಯಿ ಮಾಡಬಹುದಾದದ್ದು ಇಷ್ಟು: ಆಟದ ಸಾಮಾನನ್ನು ಮಗುವಿನ ಬಲಬದಿಯಿಂದ ತೋರಿಸುವುದು, ಎರಡೂ ಕೈ ಬೇಕಾಗುವ ದೊಡ್ಡ ಚೆಂಡು ಅಥವಾ ಖಾಲಿ ಸ್ಟೀಲ್ ಡಬ್ಬಿ ಕೊಡುವುದು, ಮೀಯಿಸುವಾಗ ಬಲಗೈಯನ್ನೂ ಅಷ್ಟೇ ಹೊತ್ತು ಸವರುವುದು. ಮುಷ್ಟಿಯನ್ನು ಬಲವಂತವಾಗಿ ಬಿಡಿಸಿ ಎಣ್ಣೆ ತಿಕ್ಕುವುದು ಬೇಡ.

ಪ್ರಶ್ನೆ: ಆರು ವರ್ಷದ ಮಗ ಎಡಗೈಯಲ್ಲಿ ಬರೆಯುತ್ತಾನೆ. ಬದಲಾಯಿಸಬೇಕೇ? (ಒಬ್ಬ ತಂದೆ, ಚಿತ್ರದುರ್ಗ)

ಉತ್ತರ: ಬೇಡ. ನಾಲ್ಕರಿಂದ ಆರು ವರ್ಷದೊಳಗೆ ಯಾವ ಕೈ ಮುಂದು ಎಂಬುದು ನೆಲೆಗೊಳ್ಳುತ್ತದೆ, ನಿಮ್ಮ ಮಗನದು ನೆಲೆಗೊಂಡಿದೆ. ಪ್ರಸಾದಕ್ಕೆ ಬಲಗೈ ಒಡ್ಡುವುದು, ಬಲಗೈಯಲ್ಲಿ ಉಣ್ಣುವುದು ಮನೆಯ ರೀತಿ ಎಂದಾದರೆ ಅದನ್ನು ಮಕ್ಕಳು ಸುಲಭವಾಗಿ ಕಲಿಯುತ್ತಾರೆ. ಪೆನ್ಸಿಲ್ ಮತ್ತು ಕತ್ತರಿಯನ್ನು ಮಾತ್ರ ಎಡಗೈಗೆ ಬಿಡಿ. ಪುಸ್ತಕವನ್ನು ಅವನ ಎಡಬದಿಗೆ ಸರಿಸಿ, ಮೇಲ್ತುದಿ ಬಲಕ್ಕೆ ವಾಲುವಂತೆ ಓರೆಯಾಗಿಡಲಿ, ಪೆನ್ಸಿಲನ್ನು ತುದಿಯಿಂದ ಎರಡು ಬೆರಳು ಮೇಲೆ ಹಿಡಿಯಲಿ. ಬರೆದ ಅಕ್ಷರ ಆಗ ಕೈಯಡಿ ಮುಚ್ಚಿಹೋಗುವುದಿಲ್ಲ. ಬೆಂಚಿನ ಎಡತುದಿಯಲ್ಲಿ ಕೂರಿಸಿ ಎಂದು ಶಿಕ್ಷಕರಿಗೆ ಹೇಳಿ, ಇಲ್ಲದಿದ್ದರೆ ಪಕ್ಕದ ಹುಡುಗನ ಮೊಣಕೈಗೂ ಇವನ ಮೊಣಕೈಗೂ ದಿನವೂ ಜಗಳ.

ಪ್ರಶ್ನೆ: ಎಂಟು ತಿಂಗಳ ಮಗುವಿಗೆ ಮಾವನವರು ವಾಕರ್ ತಂದಿದ್ದಾರೆ. ಬೇಗ ನಡೆಯುತ್ತದೆಯೇ? (ಹರಿಹರ)

ಉತ್ತರ: ಇಲ್ಲ, ತಡವಾಗಬಹುದು. ವಾಕರ್‌ನಲ್ಲಿ ಮಗು ಕಾಲ್ಬೆರಳಿನಿಂದ ನೆಲ ಒದ್ದುಕೊಂಡು ತೇಲುತ್ತದೆ. ಬಾಗುವುದು, ಹಿಡಿದು ಏಳುವುದು, ತೂಕವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ದಾಟಿಸುವುದು ಯಾವುದನ್ನೂ ಕಲಿಯುವುದಿಲ್ಲ. ಮೆಟ್ಟಿಲಿನಿಂದ ಉರುಳಿ ತಲೆಗೆ ಪೆಟ್ಟಾದ ಪ್ರಕರಣಗಳಿಂದಾಗಿಯೇ ಕೆನಡಾ ದೇಶ 2004ರಲ್ಲಿ ವಾಕರ್ ಮಾರಾಟವನ್ನು ನಿಷೇಧಿಸಿತು. ನೆಲಕ್ಕೆ ಚಾಪೆ ಹಾಸಿ ಬಿಡಿ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ, ಭಾರತದ ಮಕ್ಕಳೂ ಸೇರಿದ್ದ ಅಧ್ಯಯನದ ಪ್ರಕಾರ ಆರೋಗ್ಯವಂತ ಮಕ್ಕಳು ಸ್ವತಂತ್ರವಾಗಿ ನಡೆಯುವುದು ಸುಮಾರು 8ರಿಂದ ಹದಿನೇಳೂವರೆ ತಿಂಗಳ ನಡುವೆ ಯಾವಾಗಲಾದರೂ ಆಗಬಹುದು. 18 ತಿಂಗಳಾದರೂ ನಡೆಯದಿದ್ದರೆ ವೈದ್ಯರಿಗೆ ತೋರಿಸಿ. ಮಾವನವರಿಗೆ ಬೇಸರವಾಗದಂತೆ ಹೇಳುವ ಕೆಲಸ ನಿಮ್ಮದು. ಅಂಗಡಿಯವರು ಒಪ್ಪಿದರೆ ಅದನ್ನು ದೂಡಿಕೊಂಡು ನಡೆಯುವ ಮರದ ಗಾಡಿಗೆ ಬದಲಾಯಿಸಿಕೊಳ್ಳಿ, ಅದೂ ಮಗು ಹಿಡಿದು ಎದ್ದು ನಿಲ್ಲಲು ಕಲಿತ ಮೇಲೆ.

ಪ್ರಶ್ನೆ: ನಮ್ಮದು ಮಗ್ಗದ ಮನೆ. ಎರಡೂವರೆ ವರ್ಷದ ಮಗಳಿಗೆ ಡೌನ್ ಸಿಂಡ್ರೋಮ್. ಹಿಡಿದು ನಿಲ್ಲುತ್ತಾಳೆ, ನಡೆಯುವುದಿಲ್ಲ. ವಾರಕ್ಕೆ ಮೂರು ಸಲ ಥೆರಪಿಗೆ ಕರೆತನ್ನಿ ಎನ್ನುತ್ತಾರೆ. ಬಸ್ಸಿನಲ್ಲಿ ಹೋಗಿ ಬಂದರೆ ಆ ದಿನದ ಕೂಲಿ ಹೋಯಿತು. ಏನು ಮಾಡುವುದು? (ಮೊಳಕಾಲ್ಮೂರು)

ಉತ್ತರ: ಮೊದಲು ಒಂದು ಧೈರ್ಯದ ಮಾತು. ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಒಂದು ವರ್ಣತಂತು ಹೆಚ್ಚಿರುವ ಸ್ಥಿತಿ) ಇರುವ ಮಕ್ಕಳ ಸ್ನಾಯುಗಳು ಸಡಿಲ, ಕೀಲುಗಳು ಮೆದು; ಅವರಲ್ಲಿ ಹೆಚ್ಚಿನವರು ನಡೆಯತೊಡಗುವುದು 2 ವರ್ಷದ ಆಸುಪಾಸಿನಲ್ಲಿ, ಕೆಲವರು 3 ದಾಟಿದ ಮೇಲೆ. ಹಿಡಿದು ನಿಲ್ಲುತ್ತಾಳೆ ಎಂದರೆ ದಾರಿಯಲ್ಲಿದ್ದಾಳೆ. ಹೃದಯ, ಥೈರಾಯ್ಡ್, ಕಿವಿ, ಕಣ್ಣುಗಳ ಪರೀಕ್ಷೆ ಆಗಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಥೈರಾಯ್ಡ್ ಕಡಿಮೆಯಿದ್ದರೆ ಎಷ್ಟು ವ್ಯಾಯಾಮ ಮಾಡಿಸಿದರೂ ಮಗು ಮಂಕಾಗಿಯೇ ಇರುತ್ತದೆ. ಈ ಮಕ್ಕಳಲ್ಲಿ ಕತ್ತಿನ ಮೇಲ್ಭಾಗದ ಮೂಳೆಗಳ ಕೀಲು ಸಡಿಲವಾಗಿರುವ ಸಾಧ್ಯತೆ ಇರುವುದರಿಂದ ಪಲ್ಟಿ ಹೊಡೆಸುವುದು, ಕಾಲು ಹಿಡಿದು ತಲೆಕೆಳಗು ಮಾಡುವುದು ಬೇಡವೇ ಬೇಡ.

ಇನ್ನು ವಾರಕ್ಕೆ ಮೂರು ದಿನದ ಮಾತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಹಾಗೆಯೇ ಹೇಳುತ್ತಿದ್ದೆ. ಬರಲಾಗದವರಿಗೆ ಹತ್ತು ವ್ಯಾಯಾಮಗಳ ಪಟ್ಟಿ ಬರೆದು ಕೊಡುತ್ತಿದ್ದೆ. ಒಮ್ಮೆ ಒಬ್ಬ ತಾಯಿಯ ಮನೆಗೆ ಹೋದಾಗ ಆ ಪಟ್ಟಿ ಅಲ್ಮೇರಾದ ಬಾಗಿಲಿಗೆ ಅಂಟಿಕೊಂಡಿತ್ತು, ಒಂದು ಸುಕ್ಕೂ ಬಿದ್ದಿರಲಿಲ್ಲ. ಹೊಲಕ್ಕೂ ಮನೆಗೂ ಓಡಾಡುವ ಆಕೆ ಹತ್ತು ವ್ಯಾಯಾಮವನ್ನು ಯಾವ ಹೊತ್ತಿನಲ್ಲಿ ಮಾಡಿಸಬೇಕಿತ್ತು? ಅಂದಿನಿಂದ ಪಟ್ಟಿ ಕೊಡುವುದನ್ನು ಬಿಟ್ಟು, ಆ ಮನೆಯಲ್ಲಿ ಹೇಗೂ ನಡೆಯುವ ಕೆಲಸ ಯಾವುದು ಎಂದು ಕೇಳುತ್ತೇನೆ.

ನಿಮ್ಮ ಮನೆಯಲ್ಲಿ ನಡೆಯುವುದು ನೇಯ್ಗೆ. ನೀವು ಕಂಡಿಕೆ (ಮಗ್ಗದ ನೂಲು ಸುತ್ತುವ ಪುಟ್ಟ ಕೊಳವೆ) ಸುತ್ತುವ ಜಾಗದ ಹತ್ತಿರ, ಚಕ್ರಕ್ಕೆ ಕೈ ಸಿಕ್ಕದಷ್ಟು ದೂರದಲ್ಲಿ, ಅವಳ ಎದೆಯ ಮಟ್ಟಕ್ಕೆ ಬರುವ ಒಂದು ಗಟ್ಟಿ ಪೆಟ್ಟಿಗೆ ಇಡಿ. ಅದರ ಮೇಲೆ ಖಾಲಿ ಕಂಡಿಕೆಗಳಿರಲಿ, ಒಂದು ಹೆಜ್ಜೆ ಆಚೆಗೆ ಇನ್ನೊಂದು ಪೆಟ್ಟಿಗೆಯ ಮೇಲೆ ಡಬ್ಬಿ ಇರಲಿ. ಇಲ್ಲಿಂದ ತೆಗೆದು ಅಲ್ಲಿ ಹಾಕುವಾಗ ಅವಳು ಪಕ್ಕಕ್ಕೆ ಹೆಜ್ಜೆ ಇಡಲೇಬೇಕು, ಒಂದು ಕೈ ಬಿಡಲೇಬೇಕು. ನಿಂತು ಆಡುವ ಮಗುವಿನ ಕಾಲು ಅಗಲಕ್ಕೆ ಜಾರುತ್ತಿದ್ದರೆ ನಿಮ್ಮ ಪಾದವನ್ನು ಪಕ್ಕಕ್ಕೆ ಆನಿಸಿ. ಡಬ್ಬಿಗೆ ಬಿದ್ದ ಪ್ರತಿ ಕಂಡಿಕೆಗೂ ‘ಒಂದು’, ‘ಇನ್ನೊಂದು’ ಎಂದು ಹೇಳಿ, ಮಾತೂ ಜೊತೆಗೆ ಬರುತ್ತದೆ. ವಾರ ಕಳೆದಂತೆ ಪೆಟ್ಟಿಗೆಗಳ ನಡುವಿನ ಅಂತರವನ್ನು ಒಂದೊಂದು ಗೇಣು ಹೆಚ್ಚಿಸಿ.

ಥೆರಪಿಸ್ಟರನ್ನು ನೋಡುವುದೇ ಬೇಡ ಎಂದಲ್ಲ. ದಾವಣಗೆರೆಯಲ್ಲಿ ಅಂಗವಿಕಲರ ಪುನರ್ವಸತಿಗಾಗಿ ಕೇಂದ್ರ ಸರ್ಕಾರದ ಸಂಯೋಜಿತ ಪ್ರಾದೇಶಿಕ ಕೇಂದ್ರವಿದೆ, ಜನ ಸಿ.ಆರ್.ಸಿ. ಎನ್ನುತ್ತಾರೆ. ಬೌದ್ಧಿಕ ಅಂಗವೈಕಲ್ಯದ ಪ್ರಮಾಣಪತ್ರ ದೊರೆತರೆ ಅಂಗವಿಕಲರಿಗಾಗಿ ಕೇಂದ್ರ ಸರ್ಕಾರ ಸ್ಥಾಪಿಸಿದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ‘ನಿರಾಮಯ’ ಆರೋಗ್ಯ ವಿಮೆಗೆ ಅರ್ಜಿ ಹಾಕಬಹುದು. 1 ಲಕ್ಷ ರೂಪಾಯಿವರೆಗಿನ ಆ ವಿಮೆಯಲ್ಲಿ ಥೆರಪಿಯ ವೆಚ್ಚಕ್ಕೂ ಅವಕಾಶವಿದೆ. ನಿಮ್ಮ ಥೆರಪಿಸ್ಟರಿಗೆ ನೇರವಾಗಿ ಹೇಳಿ: ತಿಂಗಳಿಗೆ ಒಂದೇ ಸಲ ಬರುತ್ತೇನೆ, ಬಂದಾಗ ಒಂದೇ ಗುರಿ ಕೊಡಿ, ನನ್ನ ಕೈಯಿಂದಲೇ ಮಾಡಿಸಿ ನೋಡಿ, ಬೇಕಿದ್ದರೆ ನನ್ನ ಮೊಬೈಲಿನಲ್ಲಿ ವಿಡಿಯೊ ತೆಗೆಯಿರಿ. ಒಳ್ಳೆಯ ಥೆರಪಿಸ್ಟ್ ಯಾರೂ ಇದಕ್ಕೆ ಮುಖ ಸಿಂಡರಿಸುವುದಿಲ್ಲ. ಹೋಗುವಾಗ ಮಗಳು ಉಣ್ಣುವ ತಟ್ಟೆ, ಕುಡಿಯುವ ಲೋಟ, ಒಂದು ಹಿಡಿ ಖಾಲಿ ಕಂಡಿಕೆ ಚೀಲದಲ್ಲಿ ಇಟ್ಟುಕೊಂಡು ಹೋಗಿ.